ಸುದ್ದಿ ತಲುಪದ ಮನೆಗಳು: ಕೊರೋನಾ ಚಳಿಗಾಲ ನಮ್ಮ ಪ್ರೌಢಶಾಲೆಗಳಿಗೆ ಕಲಿಸಿದ ಪಾಠ

2021ರ ಜನವರಿ 1ರಂದು ಕರ್ನಾಟಕದ ಪ್ರೌಢಶಾಲೆಗಳು ಹತ್ತನೇ ತರಗತಿಯ ಮಕ್ಕಳಿಗಾಗಿ ಮತ್ತೆ ಬಾಗಿಲು ತೆರೆದವು. ಒಂಬತ್ತು ತಿಂಗಳಿಗೂ ಮಿಕ್ಕಿ ಮುಚ್ಚಿದ್ದ ತರಗತಿಗಳವು. ನಮ್ಮ ಕರಾವಳಿಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಂದು ಬೆಂಚಿಗೆ ಇಬ್ಬರಂತೆ ಮಕ್ಕಳನ್ನು ಕುಳ್ಳಿರಿಸಲಾಯಿತು. ಮೊದಲ ವಾರ ಕಳೆದರೂ ನಾಲ್ಕೈದು ಮಕ್ಕಳ ಸುಳಿವಿರಲಿಲ್ಲ. ಶಿಕ್ಷಕಿಯೊಬ್ಬರು ಮನೆ ಹುಡುಕಿಕೊಂಡು ಹೋದಾಗ ತಾಯಿ ಕೇಳಿದ್ದು ಒಂದೇ ಮಾತು: "ಶಾಲೆ ಸುರುವಾಯಿತಾ ಟೀಚರೇ? ನಮಗೆ ಗೊತ್ತೇ ಆಗಲಿಲ್ಲ."

ಶಾಲೆಯವರು ತಿಳಿಸಿರಲಿಲ್ಲವೇ? ತಿಳಿಸಿದ್ದರು. ತರಗತಿಯ ವಾಟ್ಸಾಪ್ ಗುಂಪಿಗೆ ಸಂದೇಶ ಹೋಗಿತ್ತು. ಆದರೆ ಆ ಗುಂಪಿನಲ್ಲಿದ್ದುದು ತಂದೆಯ ನಂಬರು. ತಂದೆ ಆಳಸಮುದ್ರದ ಬೋಟಿನಲ್ಲಿದ್ದರು. ಸಂದೇಶ ಕಳುಹಿಸಿದ್ದೇವೆ ಎಂದು ಶಾಲೆ ನಿಶ್ಚಿಂತೆಯಿಂದಿತ್ತು. ಸಂದೇಶ ಬರಲಿಲ್ಲವೆಂದು ಮನೆ ಸುಮ್ಮನಿತ್ತು. ನಡುವೆ ಒಂದು ಮಗು ಎಸ್ಸೆಸ್ಸೆಲ್ಸಿ ವರ್ಷದ ಅಮೂಲ್ಯವಾದ ಒಂದು ವಾರವನ್ನು ಕಳೆದುಕೊಂಡಿತು.

ಕೊರೋನಾ ಕಾಲದ ಶಿಕ್ಷಣದ ಬಗ್ಗೆ ಬಹಳಷ್ಟು ಚರ್ಚೆಗಳು ನಡೆದಿವೆ. ಆನ್‌ಲೈನ್ ಪಾಠ, ಪರೀಕ್ಷೆ, ಶುಲ್ಕ, ಕಲಿಕೆಯ ನಷ್ಟ ಎಲ್ಲವೂ ಚರ್ಚೆಯಾಗಿವೆ. ಆದರೆ ಶಾಲೆಯು ತನ್ನ ಮಕ್ಕಳಿಗೂ ಹೆತ್ತವರಿಗೂ ಸಕಾಲದಲ್ಲಿ ಸರಿಯಾದ ಮಾಹಿತಿಯನ್ನು ಮುಟ್ಟಿಸಿತೇ ಎಂಬ ಸರಳ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ತಿಳಿಸುವುದು ಕಚೇರಿಯ ಗುಮಾಸ್ತರ ಕೆಲಸ ಎಂದು ಭಾವಿಸಿದ ಕಡೆಗಳಲ್ಲಿ ಮಕ್ಕಳು ಕೈತಪ್ಪಿದರು. ಅದು ಶಿಕ್ಷಕರ ಕರ್ತವ್ಯದ ಭಾಗವೆಂದು ತಿಳಿದ ಕಡೆಗಳಲ್ಲಿ ಮಕ್ಕಳು ಉಳಿದರು. ಆ ಚಳಿಗಾಲವನ್ನು ಹಿಂತಿರುಗಿ ನೋಡಿದಾಗ ನಮಗೆ ಸ್ಪಷ್ಟವಾಗುವ ಸಂಗತಿ ಇದು.

ದಿನಕ್ಕೊಂದು ತೀರ್ಮಾನ

ಆ ತಿಂಗಳುಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. 2020ರ ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಲಾಕ್‌ಡೌನ್‌ನಿಂದ ಮುಂದೂಡಲ್ಪಟ್ಟು ಜೂನ್ 25ರಿಂದ ನಡೆಯಿತು. ಜುಲೈ ಕೊನೆಯಲ್ಲಿ ಪಠ್ಯ ಕಡಿತದ ಪಟ್ಟಿ ಪ್ರಕಟವಾಗಿ, ವಿವಾದವೆದ್ದ ಬಳಿಕ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬಂದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನವೆಂಬರ್ 23ರಂದು, ಡಿಸೆಂಬರ್‌ನಲ್ಲಿ ಶಾಲೆಗಳು ತೆರೆಯುವುದಿಲ್ಲವೆಂಬ ತೀರ್ಮಾನವಾಯಿತು. ಡಿಸೆಂಬರ್ 19ರಂದು, ಜನವರಿ 1ರಿಂದ ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಆರಂಭವೆಂಬ ಪ್ರಕಟಣೆ ಬಂತು.

ಅಷ್ಟರಲ್ಲಿ ಬ್ರಿಟನ್‌ನಲ್ಲಿ ಕಾಣಿಸಿಕೊಂಡ ರೂಪಾಂತರಿ ವೈರಾಣುವಿನ ಸುದ್ದಿ. ಡಿಸೆಂಬರ್ 23ರಂದು ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಯಿತು, ಜಾರಿಯಾಗುವ ದಿನ ಮತ್ತು ಗಂಟೆ ಬದಲಾಯಿತು, 24ರ ಸಂಜೆಯ ಹೊತ್ತಿಗೆ ಆದೇಶವೇ ಹಿಂದೆ ಸರಿಯಿತು. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಹೊರಡಲು ಸಿದ್ಧವಾಗುತ್ತಿದ್ದ ನಮ್ಮ ಓದುಗರಿಗೆ ಆ ಗೊಂದಲ ಇನ್ನೂ ನೆನಪಿರಬಹುದು. ಕರ್ಫ್ಯೂ ಇದೆಯೋ ಇಲ್ಲವೋ ತಿಳಿಯದ ಮನೆಯಲ್ಲಿ, ಒಂದು ವಾರದ ಬಳಿಕ ಶಾಲೆ ಇದೆಯೋ ಇಲ್ಲವೋ ಎಂಬ ಸಂಶಯ ಮೂಡಿದರೆ ಆಶ್ಚರ್ಯವೇನು?

ಇದರಲ್ಲಿ ಸರ್ಕಾರವನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ರೋಗವೇ ಹೊಸತು, ಅಂಕಿಅಂಶಗಳು ದಿನದಿನವೂ ಬದಲಾಗುತ್ತಿದ್ದವು. ತೀರ್ಮಾನ ಬದಲಾಗುವುದು ತಪ್ಪಲ್ಲ. ಆದರೆ ತೀರ್ಮಾನ ಟಿ.ವಿ.ಯಲ್ಲಿ ಮೊದಲು, ಸುತ್ತೋಲೆಯಲ್ಲಿ ಆಮೇಲೆ ಬರುವ ಪರಿಪಾಠದಿಂದ ಮುಖ್ಯೋಪಾಧ್ಯಾಯರು ಪೇಚಿಗೆ ಸಿಲುಕಿದರು. ಹೆತ್ತವರು ಫೋನ್ ಮಾಡಿದಾಗ ಅವರ ಬಳಿ ಉತ್ತರವಿರಲಿಲ್ಲ. "ಆದೇಶ ಬರಲಿ, ಮತ್ತೆ ತಿಳಿಸುತ್ತೇವೆ" ಎಂದವರ ಮಾತು ಸತ್ಯವೇ ಆಗಿತ್ತು. ಆದರೆ ಆದೇಶ ಬಂದ ಮೇಲೆ ಮರೆಯದೆ ತಿಳಿಸಿದವರಿಗೆ ಮಾತ್ರ ಆ ಸತ್ಯದ ಫಲ ದೊರೆಯಿತು. ಶಾಲೆ ಮೌನವಾಗಿದ್ದಲ್ಲಿ ಆ ಜಾಗವನ್ನು ವದಂತಿ ತುಂಬಿತು.

ಗುಂಪಿನಲ್ಲಿ ಇರುವವರು, ಇಲ್ಲದವರು

ಅಸರ್ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಗ್ರಾಮೀಣ ಭಾರತದಲ್ಲಿ ದೂರವಾಣಿಯ ಮೂಲಕ ನಡೆಸಿದ ಸಮೀಕ್ಷೆ ಇಲ್ಲಿ ಗಮನಾರ್ಹ. ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇ. 61.8ರಷ್ಟು ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. ಎರಡು ವರ್ಷಗಳ ಹಿಂದೆ ಈ ಪ್ರಮಾಣ ಶೇ. 36.5 ಆಗಿತ್ತು. ಏರಿಕೆ ದೊಡ್ಡದೇ. ಆದರೂ ಸಮೀಕ್ಷೆಯ ಹಿಂದಿನ ವಾರದಲ್ಲಿ ಶಾಲೆಯಿಂದ ಯಾವುದಾದರೂ ಕಲಿಕಾ ಸಾಮಗ್ರಿ ಪಡೆದ ಮಕ್ಕಳು ಮೂರರಲ್ಲಿ ಒಬ್ಬರಷ್ಟೇ. ಅವರಲ್ಲಿ ಹೆಚ್ಚಿನವರಿಗೆ ಅದು ಬಂದದ್ದು ವಾಟ್ಸಾಪ್ ಮೂಲಕ.

ಮನೆಯಲ್ಲಿ ಫೋನ್ ಇದ್ದ ಮಾತ್ರಕ್ಕೆ ಮಗುವಿನ ಕೈಗೆ ಸುದ್ದಿ ಮುಟ್ಟಿದಂತಾಗುವುದಿಲ್ಲ. ಇರುವ ಒಂದೇ ಫೋನು ಬೆಳಿಗ್ಗೆ ಕೆಲಸಕ್ಕೆ ಹೋದವರ ಕಿಸೆಯಲ್ಲಿ ಹೋಗುತ್ತದೆ. ರೀಚಾರ್ಜ್ ಮುಗಿದರೆ ವಾರಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಘಟ್ಟದ ಬುಡದ ಊರುಗಳಲ್ಲಿ ರೇಂಜ್ ಸಿಗಬೇಕಾದರೆ ಗುಡ್ಡ ಹತ್ತಬೇಕು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ರಸ್ತೆ ಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ದೇಶವನ್ನೆಲ್ಲ ಕಲಕಿತು. ಆ ಚಿತ್ರವನ್ನು ಫೋನಿನಲ್ಲಿ ನೋಡಿ ಮರುಗಿದ ನಾವು, ನಮ್ಮ ಶಾಲೆಯ ಸಂದೇಶವೂ ಅಂಥದೇ ಗುಡ್ಡದ ಕೆಳಗೆ ನಿಂತಿರಬಹುದೆಂದು ಯೋಚಿಸಲಿಲ್ಲ.

ಭಾಷೆಯ ಪ್ರಶ್ನೆಯೂ ಇದೆ. ಕರಾವಳಿಯ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಗಡಿಯಲ್ಲಿ ಮಲಯಾಳ ಮಾತು ಇದೆ. ಶಾಲೆಯ ಹೆಸರು ಇಂಗ್ಲಿಷ್ ಮಾಧ್ಯಮವೆಂದ ಕೂಡಲೇ ಸುತ್ತೋಲೆಯೂ ಇಂಗ್ಲಿಷಿನಲ್ಲೇ ಹೋಗಬೇಕೆಂಬ ರೂಢಿ ಹಲವೆಡೆ ಇತ್ತು. ಮುದ್ರೆ, ಸಹಿ ಸಮೇತ ಎರಡು ಪುಟದ ಫೋಟೋ ತಾಯಿಯ ಕೈಗೆ ಬಂದರೆ ಆಕೆ ಮಗನನ್ನೇ ಕೇಳಬೇಕು; ಮಗ ತನಗೆ ಬೇಕಾದಷ್ಟನ್ನೇ ಹೇಳುತ್ತಾನೆ. ಇದಕ್ಕೆ ಬದಲಾಗಿ ಕೆಲವು ಶಿಕ್ಷಕರು ಒಂದು ನಿಮಿಷದ ಧ್ವನಿ ಸಂದೇಶವನ್ನು ಕನ್ನಡದಲ್ಲೊಮ್ಮೆ, ತುಳುವಿನಲ್ಲೊಮ್ಮೆ ಹೇಳಿ ಕಳುಹಿಸಿದರು. ತಮ್ಮ ಮಕ್ಕಳ ಟೀಚರಿನ ದನಿ ಎಂದು ಮನೆಯವರು ಕಿವಿಗೊಟ್ಟರು.

ಗಡಿನಾಡಿನ ಮಕ್ಕಳ ಪಾಡು ಬೇರೆಯೇ. ಮಂಜೇಶ್ವರ, ಕಾಸರಗೋಡು ಕಡೆಯಿಂದ ತಲಪಾಡಿ ದಾಟಿ ಬರುವವರಿಗೆ ಎರಡು ಸರ್ಕಾರಗಳ ಆದೇಶ ತಿಳಿದಿರಬೇಕಿತ್ತು. 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ಬೇಕೆಂಬ ನಿಯಮ ಬಂದಾಗ, ನಿತ್ಯ ಓಡಾಡುವ ವಿದ್ಯಾರ್ಥಿಗೆ ಅದು ಹೇಗೆ ಅನ್ವಯವಾಗುತ್ತದೆಂಬ ಪ್ರಶ್ನೆ ಗಡಿಯ ಗೇಟಿನಲ್ಲೇ ಎದ್ದಿತು. ಇಂಥ ಮಕ್ಕಳ ಪ್ರತ್ಯೇಕ ಪಟ್ಟಿ ಇಟ್ಟುಕೊಂಡು ಹಿಂದಿನ ಸಂಜೆಯೇ ಕರೆ ಮಾಡಿ ಎಚ್ಚರಿಸಬೇಕಾದುದು ಶಾಲೆಯೇ ಹೊರತು ಗಡಿಯ ಪೊಲೀಸರಲ್ಲ.

ಏನನ್ನು ಹೇಳಿದೆವು, ಏನನ್ನು ಮುಚ್ಚಿದೆವು

ಇಲ್ಲಿ ನಮ್ಮ ವಿದ್ಯಾಸಂಸ್ಥೆಗಳನ್ನೂ ಸೇರಿಸಿ ಒಂದು ಆತ್ಮಪರಿಶೋಧನೆ ಅಗತ್ಯ. ಆ ವರ್ಷ ಅನೇಕ ಮನೆಗಳಿಗೆ ತಪ್ಪದೆ ತಲುಪಿದ ಸಂದೇಶವೆಂದರೆ ಶುಲ್ಕದ ನೆನಪೋಲೆ. ಖಾಸಗಿ ಶಾಲೆಗಳು ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯಬೇಕೆಂಬ ಸರ್ಕಾರಿ ಆದೇಶ 2021ರ ಜನವರಿ ಕೊನೆಯಲ್ಲಿ ಬಂತು. ಆ ಸುದ್ದಿಯನ್ನು ಅಷ್ಟೇ ಚುರುಕಾಗಿ ತಿಳಿಸಿದ ಆಡಳಿತಗಳು ಎಷ್ಟು? ಶಿಕ್ಷಕರ ಸಂಬಳ ಕೊಡಬೇಕಾದ ಶಾಲೆಯ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಶುಲ್ಕದ ಮಾತೂ ಆರೋಗ್ಯದ ಮಾತೂ ಒಂದೇ ಸಂದೇಶದಲ್ಲಿ ಬಂದರೆ, ಕೊಡಲು ಹಣವಿಲ್ಲದ ತಂದೆ ಅದನ್ನು ಪೂರ್ತಿ ಓದುವುದೇ ಇಲ್ಲ. ಶಾಲೆಯ ಹೆಸರು ಫೋನಿನಲ್ಲಿ ಕಂಡಾಗ ಆತನಿಗೆ ಭಯವಾಗುತ್ತದೆ.

ಇನ್ನೊಂದು ಸೂಕ್ಷ್ಮ ವಿಷಯ ಸೋಂಕಿನ ಸುದ್ದಿ. ಶಾಲೆಯಲ್ಲಿ ಒಬ್ಬರಿಗೆ ಸೋಂಕು ತಗಲಿದಾಗ ಮುಚ್ಚಿಟ್ಟ ಶಾಲೆಗಳೂ ಇದ್ದವು, ಹೆಸರು ಸಮೇತ ಗುಂಪಿನಲ್ಲಿ ಹರಿಯಬಿಟ್ಟವರೂ ಇದ್ದರು. ಎರಡೂ ತಪ್ಪು. ಮುಚ್ಚಿಟ್ಟರೆ ಮುಂದಿನ ಮಾತನ್ನು ಯಾರೂ ನಂಬುವುದಿಲ್ಲ. ಹೆಸರು ಹೇಳಿದರೆ ಆ ಮನೆಯ ಬಾವಿಕಟ್ಟೆಗೂ ಜನ ಬರುವುದನ್ನು ನಿಲ್ಲಿಸುತ್ತಾರೆ. ಯಾವ ತರಗತಿಗೆ ಸಂಬಂಧಿಸಿದ್ದು, ಶಾಲೆ ಏನು ಕ್ರಮ ಕೈಗೊಂಡಿದೆ, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಮುಂದಿನ ಮಾಹಿತಿ ಯಾವಾಗ ಎಂಬ ನಾಲ್ಕು ವಿಷಯಗಳು ಹೆತ್ತವರಿಗೆ ಸಾಕು. ಹೆಸರು ಅವರಿಗೆ ಬೇಕಾಗಿಲ್ಲ.

ಶ್ರೀಮಂತ ನಗರಗಳಲ್ಲೂ ಇದು ಸುಲಭವಾಗಿರಲಿಲ್ಲ. ಆಗ ಸುಮಾರು 11 ಲಕ್ಷ ಮಕ್ಕಳಿದ್ದ ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳ ಉದಾಹರಣೆ ನೋಡಿ. ಏಳು ದಿನಗಳ ಸರಾಸರಿ ಸೋಂಕಿನ ಪ್ರಮಾಣ ಶೇ. 3 ಮುಟ್ಟಿದರೆ ಶಾಲೆ ಮುಚ್ಚುತ್ತೇವೆಂದು ಅಲ್ಲಿನ ಆಡಳಿತ ಮೊದಲೇ ಹೇಳಿತ್ತು. ಇದು ಒಳ್ಳೆಯ ಕ್ರಮ. ಗುರುತು ಎಲ್ಲಿದೆಯೆಂದು ಎಲ್ಲರಿಗೂ ತಿಳಿದಿತ್ತು. ಆದರೆ 2020ರ ನವೆಂಬರ್ 18ರಂದು ಆ ಗುರುತು ಮುಟ್ಟಿದಾಗ, ಬೆಳಿಗ್ಗೆ ನಿಗದಿಯಾಗಿದ್ದ ಮೇಯರ್ ಅವರ ಪತ್ರಿಕಾಗೋಷ್ಠಿ ಮಧ್ಯಾಹ್ನದವರೆಗೂ ತಡವಾಯಿತು. ಮರುದಿನ ಮಗುವನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಕೆಲಸಕ್ಕೆ ಹೋಗುವ ಹೆತ್ತವರು ದಿನವಿಡೀ ಕಾದರು. ಅಲ್ಲಿನ ಪ್ರೌಢಶಾಲೆಗಳು ಮತ್ತೆ ತೆರೆದದ್ದು 2021ರ ಮಾರ್ಚ್ 22ರಂದು. ನಿಯಮ ಸ್ಪಷ್ಟವಾಗಿದ್ದರೂ ಹೊತ್ತಿಗೆ ಸರಿಯಾಗಿ ಹೇಳದಿದ್ದರೆ ವಿಶ್ವಾಸ ಕುಸಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯ ಚಳಿಗಾಲ

ಒಮಿಕ್ರಾನ್ ಬಂದ 2021-22ರ ಚಳಿಗಾಲದಲ್ಲಿ ಹಲವು ಶಾಲೆಗಳು ಪಾಠ ಕಲಿತಿದ್ದವು. 2022ರ ಜನವರಿ 3ರಂದು 15ರಿಂದ 18 ವರ್ಷದವರಿಗೆ ಲಸಿಕೆ ಆರಂಭವಾದಾಗ 2007 ಅಥವಾ ಅದಕ್ಕೂ ಮೊದಲು ಹುಟ್ಟಿದವರು ಮಾತ್ರ ಅರ್ಹರಾಗಿದ್ದರು. ಹಾಗಾಗಿ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ಲಸಿಕೆ, ಇನ್ನೊಬ್ಬನಿಗೆ ಇಲ್ಲ. "ನಮ್ಮ ಮಗನನ್ನು ಏಕೆ ಬಿಟ್ಟಿರಿ?" ಎಂದು ಒಬ್ಬರು, "ನಮ್ಮ ಮಗಳಿಗೆ ಏಕೆ ಕೊಡುತ್ತೀರಿ?" ಎಂದು ಇನ್ನೊಬ್ಬರು ಕೇಳಿದರು. ಮುಂಚಿತವಾಗಿ ಹೆತ್ತವರನ್ನು ಕರೆದು, ಆರೋಗ್ಯ ಕೇಂದ್ರದವರಿಂದಲೇ ಮಾತಾಡಿಸಿ, ಪ್ರಶ್ನೆಗಳಿಗೆ ಎಡೆಕೊಟ್ಟ ಶಾಲೆಗಳಲ್ಲಿ ಕೆಲಸ ಸುಸೂತ್ರವಾಯಿತು. ಬರೀ ದಿನಾಂಕ ತಿಳಿಸಿದ ಶಾಲೆಗಳಲ್ಲಿ ಅಂದು ಹಾಜರಾತಿಯೇ ಇಳಿಯಿತು.

ಆ ವೇಳೆಗೆ ಕೆಲವು ಶಿಕ್ಷಕರು ಒಂದು ಸರಳ ಉಪಾಯ ಕಂಡುಕೊಂಡಿದ್ದರು. ಹಾಜರಿ ಪುಸ್ತಕದ ಹಾಗೆ ಸುದ್ದಿ ಮುಟ್ಟಿದವರ ಪಟ್ಟಿಯನ್ನೂ ಇಡುವುದು. ಯಾರು ಉತ್ತರಿಸಲಿಲ್ಲವೋ ಅವರಿಗೆ ಸಂಜೆ ಕರೆ. ಕರೆಗೂ ಸಿಗದಿದ್ದರೆ ಪಕ್ಕದ ಮನೆಯ ಸಹಪಾಠಿಯ ಮೂಲಕ ಚೀಟಿ. ಬೀಡಿ ಬ್ರಾಂಚಿನ ಗೋಡೆ, ಹಾಲಿನ ಸೊಸೈಟಿ, ನ್ಯಾಯಬೆಲೆ ಅಂಗಡಿಗಳಲ್ಲಿ ದೊಡ್ಡ ಅಕ್ಷರದ ಒಂದು ಹಾಳೆ. ನಮ್ಮ ಧರ್ಮಕೇಂದ್ರಗಳ ವಾಳೆಯ ಗುರಿಕಾರರು, ಊರಿನ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಜಾತಿಮತವೆಣಿಸದೆ ಈ ಕೆಲಸಕ್ಕೆ ಕೈಜೋಡಿಸಿದ ಕಡೆಗಳಲ್ಲಿ ಕೊನೆಯ ಮನೆಯೂ ಸಿಕ್ಕಿತು. ಇದಕ್ಕೆ ಖರ್ಚು ಹೆಚ್ಚೇನೂ ಇರಲಿಲ್ಲ. ಪಟ್ಟಿ ಇಟ್ಟುಕೊಳ್ಳುವ ತಾಳ್ಮೆ ಇದ್ದರೆ ಸಾಕಿತ್ತು.

ಇಂದಿಗೂ ಬೇಕಾದ ಅಭ್ಯಾಸ

ಕೊರೋನಾ ಕಾಲದ ಗುಂಪುಗಳು ಇಂದಿಗೂ ನಮ್ಮ ಫೋನುಗಳಲ್ಲಿವೆ. ಮಳೆಗಾಲ ಬಂತೆಂದರೆ ಜಿಲ್ಲಾಧಿಕಾರಿಗಳ ರಜೆಯ ಘೋಷಣೆ ಅವುಗಳಲ್ಲಿ ಹರಿದಾಡುತ್ತದೆ. ಹಳೆಯ ಆದೇಶದ ದಿನಾಂಕ ತಿದ್ದಿದ ಸುಳ್ಳು ಪ್ರಕಟಣೆಗಳೂ ಅದರೊಡನೆ ಬರುತ್ತವೆ. ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯಲು ಹೆತ್ತವರು ನೋಡುವುದು ಮತ್ತೆ ಶಾಲೆಯತ್ತಲೇ. ಅಂದರೆ ಆ ಚಳಿಗಾಲದ ಪ್ರಶ್ನೆ ಇನ್ನೂ ಮುಗಿದಿಲ್ಲ.

ಆದುದರಿಂದ ನಮ್ಮ ಶಾಲೆಗಳ ಮುಖ್ಯಸ್ಥರಲ್ಲೂ ಆಡಳಿತ ಮಂಡಳಿಗಳಲ್ಲೂ ಕೆಲವು ವಿಷಯಗಳನ್ನು ಅರಿಕೆ ಮಾಡುತ್ತೇವೆ. ಶಾಲೆಯ ಪರವಾಗಿ ಮಾತಾಡುವವರು ಒಬ್ಬರೇ ಇರಲಿ. ಪ್ರತಿ ಸಂದೇಶದಲ್ಲೂ ದಿನಾಂಕವಿರಲಿ, ಮನೆಮಂದಿಗೆ ಅರ್ಥವಾಗುವ ಭಾಷೆಯಿರಲಿ. ತೀರ್ಮಾನವಾಗದ್ದನ್ನು ತೀರ್ಮಾನವಾಗಿಲ್ಲ ಎಂದೇ ಹೇಳಿ, ಮುಂದೆ ಯಾವಾಗ ತಿಳಿಸುತ್ತೀರೆಂದೂ ಹೇಳಿ. ಪ್ರತಿ ಮಗುವಿಗೆ ಎರಡು ನಂಬರುಗಳಿರಲಿ. ಒಂದಾದರೂ ಹಗಲು ಮನೆಯಲ್ಲಿರುವವರದ್ದಾಗಿರಲಿ. ಶುಲ್ಕದ ಮಾತಿಗೆ ಬೇರೆ ದಿನ, ಬೇರೆ ಪತ್ರವಿರಲಿ.

ಧರ್ಮಕೇಂದ್ರದ ಕಾರ್ಯಕರ್ತರೂ ತಮ್ಮ ವಾಳೆಯಲ್ಲಿ ಶಾಲೆಯ ಸುದ್ದಿ ಮುಟ್ಟದ ಮನೆ ಯಾವುದೆಂದು ಒಮ್ಮೆ ವಿಚಾರಿಸಬೇಕು. ಬೋಟಿನಲ್ಲಿ ದುಡಿಯುವವರ, ಗಲ್ಫಿನಲ್ಲಿರುವವರ, ಬಾಡಿಗೆ ಕೋಣೆಯಲ್ಲಿ ವಾಸಿಸುವ ಉತ್ತರ ಕರ್ನಾಟಕದ ಕೂಲಿಕಾರರ ಮನೆಗಳನ್ನು ಮೊದಲು ನೋಡಬೇಕು. ಅಂದು ಶಿಕ್ಷಕಿ ತಾನಾಗಿಯೇ ನಡೆದು ಹೋದದ್ದರಿಂದ ಆ ಮಗು ಮರುದಿನ ಶಾಲೆಗೆ ಬಂತು. 2021ರ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೂ ಬರೆಯಿತು. ಯಾರೂ ಹುಡುಕಿಕೊಂಡು ಹೋಗದ ಮಕ್ಕಳು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ನಮ್ಮ ಹಾಜರಿ ಪುಸ್ತಕಗಳಲ್ಲಿ ಉತ್ತರವಿಲ್ಲ.