'ಸ್ಟೀರಿಯೋ ಹೋಗಿದೆ ಸಾರ್!'

ಅಲ್ಲಾ ಸ್ವಾಮಿ, ಕಾರಿನ ಆಕ್ಸ್‌ಗೆ ಫೋನ್ ಸಿಕ್ಕಿಸಿದರೆ ಹಾಡಿನ ಜೊತೆ 'ಕುಂಯ್' ಅಂತ ಸದ್ದು ಬರುತ್ತೆ ಅನ್ನಿ, ಅಂಗಡಿಯವರ ಉತ್ತರ ಒಂದೇ: "ಸ್ಟೀರಿಯೋ ಹೋಗಿದೆ ಸಾರ್, ಹೊಸಾದು ಹಾಕಿಸಿಬಿಡಿ." ಅದನ್ನ ಮುಟ್ಟಿ ಕೂಡ ನೋಡಿರೋದಿಲ್ಲ! ನನ್ನ ತಕರಾರು ಇರೋದು ಇಲ್ಲೇ.

ಆ ಸದ್ದು ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುತ್ತಾ? ಹಾಗಿದ್ರೆ ಫೋನಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಸ್ಟೀರಿಯೋ ನಿರಪರಾಧಿ. ಆಲ್ಟರ್ನೇಟರ್ ಹುಟ್ಟಿಸೋದು ಎಸಿ ಕರೆಂಟು. ಡಯೋಡುಗಳು ಅದನ್ನ ಡಿಸಿ ಮಾಡಿದರೂ ಸ್ವಲ್ಪ ಏರಿಳಿತ ಉಳಿದಿರುತ್ತೆ. ಚಾರ್ಜ್ ಆಗ್ತಿರೋ ಫೋನಿಗೆ ಗ್ರೌಂಡ್ ಎರಡು ದಾರಿಯಲ್ಲಿ ಸಿಗುತ್ತೆ: ಚಾರ್ಜರಿನಿಂದ ಒಂದು, ಆಕ್ಸ್ ವೈರಿನಿಂದ ಇನ್ನೊಂದು. ಇದೇ ಗ್ರೌಂಡ್ ಲೂಪ್. ಏರಿಳಿತ ಈ ಸುತ್ತಿನಲ್ಲಿ ಹರಿದು ಹಾಡಿನೊಳಗೆ ನುಸುಳುತ್ತೆ. ಮದ್ದು? ಚಾರ್ಜರ್ ತೆಗೆಯೋದು, ಪುಕ್ಕಟೆ! ಇಲ್ಲವಾದರೆ ಆಕ್ಸ್ ವೈರಿನ ನಡುವೆ ಕೆಲವು ನೂರು ರೂಪಾಯಿಯ ಗ್ರೌಂಡ್ ಲೂಪ್ ಐಸೊಲೇಟರ್. ಒಳಗಿರೋದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಅಷ್ಟೇ. (ತೀರಾ ಅಗ್ಗದ್ದಾದರೆ ಬೇಸ್ ಸೊರಗುತ್ತೆ, ಅದೂ ಗೊತ್ತಿರಲಿ.)

ಇನ್ನೊಂದು ತಮಾಷೆ ಇದೆ. ವಾದ್ಯಗಳೆಲ್ಲ ಕೇಳಿಸುತ್ತವೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ. ಇದಕ್ಕೂ ಸ್ಟೀರಿಯೋನೇ ಹೊಣೆಯಂತೆ! 3.5 ಮಿ.ಮೀ. ಪಿನ್ನು ಪೂರ್ತಿ ಕೂರದೆ, ಅಥವಾ ವೈರಿನೊಳಗೆ ತುಂಡಾಗಿ ಗ್ರೌಂಡ್ ತಪ್ಪಿದರೆ, ಎಡ-ಬಲಗಳ ವ್ಯತ್ಯಾಸ ಮಾತ್ರ ಸ್ಪೀಕರಿಗೆ ತಲುಪುತ್ತೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮ ಇರುತ್ತೆ, ಹಾಗಾಗಿ ಕಳೆದು ಸೊನ್ನೆ! ಪಿನ್ನನ್ನ ಒತ್ತಿ ಕೂರಿಸಿ, ಆಗಲಿಲ್ಲವೋ ವೈರ್ ಬದಲಿಸಿ.

"ಬ್ಲೂಟೂತ್ ಇರುವಾಗ ಆಕ್ಸ್ ಯಾರಿಗೆ ಬೇಕು?" ಅಂತೀರಾ? 2016ರಲ್ಲಿ ಐಫೋನ್ 7 ಆ ತೂತನ್ನೇ ಮುಚ್ಚಿತು, ನಿಜ. ಆದರೆ ಬ್ಲೂಟೂತ್ ಇಲ್ಲದ ಹಳೇ ಕಾರುಗಳು ಇನ್ನೂ ಓಡ್ತಿವೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಕಾಸು ಕಾಸು ಕೂಡಿಸಿದವರಿಗೆ ಸ್ಟೀರಿಯೋ ಬೆಲೆ ಚಿಲ್ಲರೆ ಅಲ್ಲ.

ಅಂಗಡಿಯವರಿಗೂ ಹೊಟ್ಟೆಪಾಡಿದೆ, ಒಪ್ಪಿದೆ. ದೋಷ ಹುಡುಕಿಕೊಟ್ಟರೆ ನೂರು ರೂಪಾಯಿಗೂ ಚೌಕಾಸಿ ಮಾಡುವ ಗಿರಾಕಿ, ಹೊಸ ಡಬ್ಬಕ್ಕೆ ಸಾವಿರಗಟ್ಟಲೆ ಎಣಿಸ್ತಾನೆ. ಹಾಗಾದರೆ ಹುಡುಕಿದ್ದಕ್ಕೇ ಕೂಲಿ ಕೇಳಿ, ಗಿರಾಕಿಯೂ ಕೊಡಲಿ. ನೋಡದೆ 'ಹೋಗಿದೆ' ಅನ್ನೋದು ರಿಪೇರಿ ಅಲ್ಲ, ವ್ಯಾಪಾರ.

ಪ್ರೋಗ್ರಾಮಿನಲ್ಲಿ ಒಂದು ಸಾಲು ತಪ್ಪಿದರೆ ಕಂಪ್ಯೂಟರನ್ನೇ ಎಸೀತೀವಾ? ಒಂದೊಂದೇ ಬದಲಿಸಿ ನೋಡ್ತೀವಿ. ಇಲ್ಲೂ ಅಷ್ಟೇ: ಚಾರ್ಜರ್ ಇಲ್ಲದೆ, ಬೇರೆ ವೈರಿನಲ್ಲಿ, ಬೇರೆ ಫೋನಿನಲ್ಲಿ. ಐದು ನಿಮಿಷದ ಕೆಲಸ. ಆಮೇಲೂ ಕುಂಯ್‌ಗುಟ್ಟಿದರೆ ಸ್ಟೀರಿಯೋ ಮೇಲೆ ಅನುಮಾನ ಪಡೋಣ.

ಏನಂತೀರಿ? :-)