ಉತ್ತರ ಯಂತ್ರದ್ದು, ಪ್ರಶ್ನೆ ಯಾರದು?

ಈಚೆಗೆ ನಮ್ಮ ಧರ್ಮಕೇಂದ್ರದ ವಿದ್ಯಾರ್ಥಿನಿಯೊಬ್ಬಳು ಪದವಿ ತರಗತಿಗಾಗಿ ಸಿದ್ಧಪಡಿಸಿದ ಸಂಶೋಧನಾ ಪ್ರಬಂಧವನ್ನು ನಮಗೆ ತೋರಿಸಿದಳು. ವಿಷಯ, ಗೇರುಬೀಜ ಕಾರ್ಖಾನೆಗಳ ಮಹಿಳಾ ಕಾರ್ಮಿಕರು. ಭಾಷೆ ನಿರ್ದುಷ್ಟ, ಅಡಿಟಿಪ್ಪಣಿಗಳು ಅಚ್ಚುಕಟ್ಟು. ಅಲ್ಲಿ ಹೆಸರಿಸಿದ್ದ ಗ್ರಂಥವೊಂದನ್ನು ನಾವು ನೋಡಬಯಸಿದೆವು. ಅಂಥ ಗ್ರಂಥವೇ ಇರಲಿಲ್ಲ! "ನನ್ನ ವಾಕ್ಯಗಳಿಗೆ ಅಂಕ ಬರುವುದಿಲ್ಲ, ಫಾದರ್" ಎಂದು ಆಕೆ ತಲೆತಗ್ಗಿಸಿದಳು. ಆಕೆಯ ತಾಯಿ ಇಪ್ಪತ್ತು ವರ್ಷಗಳಿಂದ ಗೇರುಬೀಜ ಸುಲಿಯುತ್ತಿರುವ ಹೆಂಗಸು. ಆ ತಾಯಿಯ ಒಂದು ಮಾತೂ ಪ್ರಬಂಧದಲ್ಲಿ ಇರಲಿಲ್ಲ.

2022ರ ನವೆಂಬರಿನಲ್ಲಿ ಸಾರ್ವಜನಿಕರ ಕೈಸೇರಿದ ಚಾಟ್‌ಜಿಪಿಟಿಯಂಥ ಸಾಧನವು ಒಂದು ಪದದ ಬಳಿಕ ಬರಬಹುದಾದ ಪದವನ್ನು ಊಹಿಸಿ ಪೋಣಿಸುತ್ತದೆ. ಸಂಭಾವ್ಯವಾದುದೆಲ್ಲ ಸತ್ಯವಾಗಿರಬೇಕೆಂದಿಲ್ಲ. ಅದು ಕಲ್ಪಿಸಿಕೊಟ್ಟ ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಕಲಿತವರೇ ಎಡವಿದಲ್ಲಿ ಮಕ್ಕಳ ಪಾಡೇನು?

ಕಟ್ಟುನಿಟ್ಟಿನ ತಪಾಸಣೆಯೇ ಮದ್ದೆಂಬುದು ಕೆಲವರ ವಾದ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳು ಕೃತಿಚೌರ್ಯವನ್ನು ಹೋಲಿಕೆಯ ಪ್ರಮಾಣದಿಂದ ಅಳೆಯುತ್ತವೆ. ಯಂತ್ರ ಹೊಸದಾಗಿ ಹೆಣೆದ ವಾಕ್ಯವನ್ನು ಯಾವುದಕ್ಕೆ ಹೋಲಿಸುವುದು? ಯಂತ್ರಬರಹವನ್ನು ಗುರುತಿಸಲೆಂದು ಓಪನ್‌ಎಐ ರೂಪಿಸಿದ್ದ ಸಾಧನವನ್ನು, ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಆ ಸಂಸ್ಥೆಯೇ ಹಿಂತೆಗೆದುಕೊಂಡಿತು. ಇಂಥ ತಕ್ಕಡಿಯನ್ನು ನಂಬಿದರೆ ಪ್ರಾಮಾಣಿಕನಿಗೂ ಕಳ್ಳನ ಪಟ್ಟ ಬಂದೀತು.

ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರ ಓದುವಾಗ ಸಂತ ತೋಮಸ್ ಅಕ್ವಿನಾಸರ ಕ್ರಮವೇ ನಮಗೆ ಮೇಲ್ಪಂಕ್ತಿಯಾಗಿತ್ತು. ಮೊದಲು ಪ್ರಶ್ನೆ, ಬಳಿಕ ಎದುರಾಳಿಯ ಆಕ್ಷೇಪಗಳು, ಅನಂತರ ಸ್ವಂತ ನಿರ್ಣಯ, ಕಡೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ನಮ್ಮ ನಾಡಿನ ಪೂರ್ವಪಕ್ಷ-ಸಿದ್ಧಾಂತಗಳ ಪದ್ಧತಿಯೂ ಇದಕ್ಕೆ ದೂರವಲ್ಲ. ಸಂಶೋಧನಾ ಬರವಣಿಗೆಯ ಬೋಧನೆ ಇಲ್ಲಿಂದಲೇ ಮೊದಲಾಗಲಿ. ಪ್ರಶ್ನೆ ಎಲ್ಲಿ ಹುಟ್ಟಿತು, ಯಾವ ಪುಟ ಓದಿದೆ, ಕರಡಿನಲ್ಲಿ ಏನನ್ನು ಹೊಡೆದುಹಾಕಿದೆ, ಏಕೆ ಎಂದು ಅಧ್ಯಾಪಕರು ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಕೇಳಲಿ. ಅಂಕವನ್ನು ಆ ದಾರಿಗೂ ಕೊಡಲಿ. ಕಾಗುಣಿತ ತಿದ್ದಲು, ಆಕ್ಷೇಪಗಳನ್ನು ಸೂಚಿಸಲು ಯಂತ್ರ ನೆರವಾದರೆ ನಮ್ಮ ತಕರಾರಿಲ್ಲ. ನಿರ್ಣಯ ಮಾತ್ರ ವಿದ್ಯಾರ್ಥಿಯದೇ ಆಗಿರಬೇಕು.

ತುಂಬಿದ ತರಗತಿಯಲ್ಲಿ ಅಷ್ಟು ಸಮಯವೆಲ್ಲಿ ಎಂಬ ಅಧ್ಯಾಪಕರ ಅಳಲು ನ್ಯಾಯವಾದುದೇ. ಹಾಗಿದ್ದರೆ ನಲವತ್ತು ಪುಟಗಳ ಬದಲು ಐದೇ ಪುಟ ಬರೆಯಿಸೋಣ. ಪರರ ಮಾತನ್ನು ತನ್ನದೆಂದು ಒಪ್ಪಿಸುವುದು ತಪ್ಪೇ ಸರಿ. ಆದರೆ ತನ್ನ ಮಾತಿಗೆ ಬೆಲೆಯಿಲ್ಲವೆಂದು ಮಗುವಿಗೆ ಕಲಿಸಿದವರು ಯಾರೆಂದು ಹಿರಿಯರಾದ ನಾವೂ ಆತ್ಮಶೋಧನೆ ಮಾಡಿಕೊಳ್ಳಬೇಕು.

ಆ ವಿದ್ಯಾರ್ಥಿನಿ ಈಗ ಸಂಜೆಯ ಹೊತ್ತು ತಾಯಿಯ ಬಳಿ ಕುಳಿತು, ಕೇಳಿ ಬರೆದುಕೊಳ್ಳುತ್ತಿದ್ದಾಳೆ. ಈವರೆಗೆ ಮೂರು ಪುಟಗಳಾಗಿವೆ. ತಪ್ಪುಗಳಿವೆ, ತಿದ್ದೋಣ.