ಮನೆವಾರ್ತೆ: ತಾಯಿಯ ಬಾಡಿಗೆ ಮನೆ

ಮೈಸೂರಿನ ಕುವೆಂಪುನಗರ, ಸರಸ್ವತೀಪುರಂಗಳ ಮಹಡಿಮನೆಗಳಲ್ಲಿ ಒಂಟಿಯಾಗಿ ಬಾಳುವ ವೃದ್ಧ ಮಾತೆಯರುಂಟು. ಮೊಣಕಾಲು ಮೆಟ್ಟಿಲನ್ನು ಒಲ್ಲೆನೆಂದೊಡನೆ ಮಗಳು ತನ್ನಲ್ಲಿಗೆ ಕರೆಯುತ್ತಾಳೆ, ಮನೆಯೊಡೆಯರಾದರೋ, “ಮೂರು ವರ್ಷದ ಕರಾರು, ಅವಧಿ ತುಂಬದೆ ಮುಂಗಡ ಕೊಡಲಾಗದು” ಎನ್ನುವುದುಂಟು. ಆ ಮುಂಗಡವೋ, ಎಷ್ಟೋ ವೇಳೆ, ಆಕೆಯ ಉಳಿತಾಯದ ಬಹುಭಾಗ.

ಬೆದರುವ ಮೊದಲು ಪತ್ರವನ್ನು ಓದತಕ್ಕದ್ದು. ಮನೆ ಬಿಡುವ ಷರತ್ತು ಅದರಲ್ಲಿದ್ದರೆ ಅದರಂತೆ ನಡೆಯುವುದೇ ಲೇಸು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ನೋಂದಣಿಯಾಗಿರಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 107ನೆಯ ಪ್ರಕರಣ ವಿಧಿಸುತ್ತದೆ. ನೋಂದಣಿಯಾಗಿದ್ದರೆ ಒಡೆಯರನ್ನು ಒಪ್ಪಿಸಿಕೊಳ್ಳಬೇಕಾದೀತು. ಬರಿಯ ಛಾಪಾಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟ ಮೂರು ವರ್ಷದ ಮಾತಿಗೆ ಆ ಬಲವಿಲ್ಲ. ಅಂತಹ ವಾಸದ ಮನೆಯ ಬಾಡಿಗೆಯನ್ನು ಸಾಮಾನ್ಯವಾಗಿ ತಿಂಗಳ ಲೆಕ್ಕದ್ದೆಂದೇ ಎಣಿಸುವರು. ಬೇರೆ ಒಪ್ಪಂದವಿಲ್ಲದಿದ್ದರೆ 106ನೆಯ ಪ್ರಕರಣದಂತೆ 15 ದಿನಗಳ ನೋಟೀಸಿನಿಂದ ಅದನ್ನು ಮುಗಿಸಬಹುದು.

ನೋಟೀಸು ಬರಹದಲ್ಲಿಯೇ ಇರಬೇಕು. ಕರಾರು ತಾಯಿಯ ಹೆಸರಿನಲ್ಲಿದ್ದರೆ ರುಜುವೂ ಆಕೆಯದೇ ಆಗಿರುವುದು ಮೇಲು. ಮಕ್ಕಳು ಅವಸರದಿಂದ ತಮ್ಮ ಹೆಸರಿನಲ್ಲಿ ಬರೆದರೆ ತಕರಾರಿಗೆ ಎಡೆಯಾದೀತು. ದಿನಗಳ ಎಣಿಕೆ ನೋಟೀಸು ತಲಪಿದಂದಿನಿಂದ; ಆದುದರಿಂದ ಅಂಚೆಯ ರಸೀದಿಯನ್ನು ಜೋಪಾನವಾಗಿಡಿ. ಸುಣ್ಣಬಣ್ಣದ ಹೆಸರಿನಲ್ಲಿ ಎಷ್ಟು ಕಡಿತವೆಂಬುದನ್ನು (ಒಂದು ಗೋಡೆಗೆ ಬಳಿದು ಇಡೀ ಮನೆಯ ಲೆಕ್ಕ ಹಾಕುವವರೂ ಉಂಟು!) ಮೊದಲೇ ಬರೆಯಿಸಿಕೊಳ್ಳಿ. ಬೀಗದಕೈಯೂ ಹಣವೂ ಒಂದೇ ಹೊತ್ತಿನಲ್ಲಿ ಕೈ ಬದಲಾಗಲಿ.

ಒಡೆಯರು ಆಗಲೂ ಒಪ್ಪದಿದ್ದರೆ ಮೈಸೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಅಧಿನಿಯಮದಂತೆ ಸ್ತ್ರೀಯರು, ಆದಾಯವೆಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರ ನೆರವನ್ನು ಕೇಳಬಹುದು.